ಕೆರೆ ಏರಿಯ ಮೇಲೊಂದು ಹೊಯ್ಸಳ ಹಾದಿ

ಬೇಲೂರು-ಹಳೇಬೀಡು ಎಂದು ಒಂದೇ ಉಸಿರಿನಲ್ಲಿ ಹೇಳುವುದು ಕನ್ನಡಿಗರಿಗೆ ರೂಢಿಯಾಗಿಬಿಟ್ಟಿದೆ. ಶಾಲೆಯ ಪ್ರವಾಸದ ಬಸ್ಸು ಬೆಳಿಗ್ಗೆ ಬೇಲೂರಿನಲ್ಲಿ ನಿಂತು, ಮಧ್ಯಾಹ್ನ ಹಳೇಬೀಡಿಗೆ ಬಂದು, ಸಂಜೆಯ ಹೊತ್ತಿಗೆ ಶ್ರವಣಬೆಳಗೊಳದ ದಾರಿ ಹಿಡಿದಿರುತ್ತದೆ. ಚಿತ್ರಾನ್ನದ ಪೊಟ್ಟಣ ಬಿಚ್ಚುವುದು, ಹಾಡು ಹೇಳುವುದು, ತೂಕಡಿಸುವುದು ಎಲ್ಲವೂ ಎರಡು ಗುಡಿಗಳ ನಡುವಿನ 16 ಕಿಲೋಮೀಟರ್ ದಾರಿಯಲ್ಲಿ ಮುಗಿಯುತ್ತದೆ. ಕಿಟಕಿಯಾಚೆ ಹಾದುಹೋಗುವ ಕೆರೆಯ ಏರಿ, ಜೋಳದ ಹೊಲ, ಊರ ಮುಂದಿನ ವೀರಗಲ್ಲು ಯಾವುದೂ ಪ್ರವಾಸದ ಪಟ್ಟಿಯಲ್ಲಿ ಇರುವುದಿಲ್ಲ.

ಆದರೆ ಆ ಗುಡಿಗಳಲ್ಲಿ ಉರಿದ ದೀಪದ ಎಣ್ಣೆ, ನೈವೇದ್ಯದ ಅಕ್ಕಿ, ಪೂಜಾರಿಯ ಸಂಬಳ, ಮಂಟಪ ಸೋರಿದರೆ ದುರಸ್ತಿಗೆ ಬೇಕಾದ ಹಣ, ಎಲ್ಲಕ್ಕೂ ಆಧಾರವಾಗಿದ್ದುದು ಹಳ್ಳಿಗಳ ನೆಲ. ಶಾಸನಗಳನ್ನು ಓದಿದವರಿಗೆ ಇದು ಹೊಸ ಮಾತಲ್ಲ. ದೇವರ ಹೆಸರು, ದಾನಿಯ ಹೆಸರು ಮುಗಿದ ಕೂಡಲೇ ಶಾಸನವು ಗದ್ದೆ, ತೋಟ, ಕೆರೆಯ ಕೆಳಗಿನ ಭೂಮಿ, ಗಾಣ ಎಂದು ಲೆಕ್ಕ ಕೊಡಲು ತೊಡಗುತ್ತದೆ. ಗುಡಿಯನ್ನು ನೋಡಿ ಈ ನೆಲವನ್ನು ನೋಡದೆ ಬಂದರೆ ಶಾಸನದ ಮೊದಲ ಅರ್ಧವನ್ನಷ್ಟೇ ಓದಿ ಎದ್ದಂತೆ.

ಉಳಿದರ್ಧವನ್ನು ಓದುವ ಸುಲಭ ಉಪಾಯವೆಂದರೆ ನಡೆಯುವುದು. ಅರಸೀಕೆರೆಯಿಂದ ಹೊರಟು ಹಾರನಹಳ್ಳಿ, ಜಾವಗಲ್, ಬೆಳವಾಡಿ, ಹಳೇಬೀಡುಗಳ ಮೂಲಕ ಬೇಲೂರು ಸೇರಿದರೆ ಒಟ್ಟು ಸುಮಾರು 70 ಕಿಲೋಮೀಟರ್ ಆಗುತ್ತದೆ. ಅವಸರವಿಲ್ಲದವರಿಗೆ ಇದು ಐದು ದಿನದ ನಡಿಗೆ.

ದ್ರಾಕ್ಷಿ ನೆಲದ ಪಾಠ

ನೆಲವನ್ನು ಹೀಗೆ ನಡೆದು ನೋಡುವುದನ್ನು ಒಂದು ಏರ್ಪಾಡಾಗಿ ಬೆಳೆಸಿದ ದೇಶಗಳಲ್ಲಿ ಫ್ರಾನ್ಸ್ ಮುಖ್ಯವಾದುದು. ಅಲ್ಲಿ 1947ರಿಂದೀಚೆಗೆ ದೂರದ ಕಾಲ್ನಡಿಗೆಯ ದಾರಿಗಳಿಗೆ ಗುರುತು ಹಾಕುತ್ತ ಬಂದಿದ್ದಾರೆ. ಮರದ ಕಾಂಡದ ಮೇಲೆ, ಹಳೆಯ ಗೋಡೆಯ ಮೂಲೆಯಲ್ಲಿ, ಬೇಲಿಯ ಕಂಬದಲ್ಲಿ ಒಂದು ಬಿಳಿ ಪಟ್ಟಿ, ಅದರ ಕೆಳಗೊಂದು ಕೆಂಪು ಪಟ್ಟಿ, ಇಷ್ಟೇ ಆ ಗುರುತು. ಇದನ್ನು ಬಳಿದು ಕಾಪಾಡುವವರಲ್ಲಿ ಹೆಚ್ಚಿನವರು ಸ್ವಯಂಸೇವಕರು. ದುಬಾರಿ ಫಲಕವಿಲ್ಲ, ಡಾಂಬರಿಲ್ಲ. ಹಳ್ಳಿಯವರು ಮೊದಲಿನಿಂದ ತುಳಿಯುತ್ತಿದ್ದ ಜಾಡೇ ದಾರಿ.

ಇಂಥ ದಾರಿಗಳು ಬರ್ಗಂಡಿ ಸೀಮೆಯ ದ್ರಾಕ್ಷಿ ತೋಟಗಳ ನಡುವೆಯೂ ಹಾದುಹೋಗುತ್ತವೆ. ದೀಜೋನ್ ಪಟ್ಟಣದಿಂದ ದಕ್ಷಿಣಕ್ಕೆ ಬೋನ್ ಪಟ್ಟಣವನ್ನು ದಾಟಿ ಹಬ್ಬಿರುವ ಈ ಇಳಿಜಾರು ನೆಲದ ಉದ್ದ ಸುಮಾರು 60 ಕಿಲೋಮೀಟರ್, ಅಂದರೆ ಹೆಚ್ಚುಕಡಿಮೆ ಅರಸೀಕೆರೆ-ಬೇಲೂರು ಹಾದಿಯಷ್ಟೇ. ಇಲ್ಲಿನ ತೋಟಗಳು 1247 ತುಂಡುಗಳಾಗಿ ಹಂಚಿಹೋಗಿವೆ. ಪ್ರತಿ ತುಂಡಿಗೂ ತನ್ನದೇ ಹೆಸರು, ತನ್ನದೇ ಮಣ್ಣಿನ ಗುಣ, ತನ್ನದೇ ಚರಿತ್ರೆ. ಅದನ್ನು ಅಲ್ಲಿನವರು ‘ಕ್ಲಿಮಾ’ ಎನ್ನುತ್ತಾರೆ.

ಈ ತೋಟಗಳ ಚರಿತ್ರೆಯಲ್ಲಿ ದೊಡ್ಡ ಪಾಲು ಕ್ರೈಸ್ತ ಸಂನ್ಯಾಸಿಗಳದು. ಸೀತೋ ಎಂಬಲ್ಲಿ 1098ರಲ್ಲಿ ಸ್ಥಾಪನೆಯಾದ ಮಠದವರು 12ನೇ ಶತಮಾನದಲ್ಲಿ ವೂಜೋ ಎಂಬ ಹಳ್ಳಿಯ ಬಳಿ ದಾನವಾಗಿ ಬಂದ ಭೂಮಿಯಲ್ಲಿ ಬಳ್ಳಿ ನೆಟ್ಟರು. ಮುಂದೆ ಸುಮಾರು 50 ಹೆಕ್ಟೇರ್ ತೋಟಕ್ಕೆ ಕಲ್ಲಿನ ಗೋಡೆ ಎತ್ತಿಸಿದರು. ಬೇಲೂರಿನಲ್ಲಿ ವಿಷ್ಣುವರ್ಧನನು ಚೆನ್ನಕೇಶವನನ್ನು ಪ್ರತಿಷ್ಠಾಪಿಸಿದ್ದು 1117ರಲ್ಲಿ ಎಂಬುದನ್ನು ನೆನೆದರೆ, ಇವೆರಡೂ ಒಂದೇ ಕಾಲದ ಸಂಗತಿಗಳೆಂಬುದು ಹೊಳೆಯುತ್ತದೆ. ಬೋನ್ ಪಟ್ಟಣದಲ್ಲಿ 1443ರಲ್ಲಿ ಬಡವರಿಗಾಗಿ ಕಟ್ಟಿದ ಆಸ್ಪತ್ರೆಗೆ ಭಕ್ತರು ದ್ರಾಕ್ಷಿ ತೋಟಗಳನ್ನು ದತ್ತಿ ಬಿಟ್ಟರು. ಆ ತೋಟಗಳ ಮದ್ಯವನ್ನು 1859ರಿಂದ ವರ್ಷಕ್ಕೊಮ್ಮೆ ಹರಾಜು ಹಾಕಿ ಸಂಸ್ಥೆಯ ಖರ್ಚಿಗೆ ಬಳಸುತ್ತಾರೆ. ದೇವಸ್ಥಾನಕ್ಕೆ ಉಂಬಳಿ ಬಿಟ್ಟ ಗದ್ದೆಯ ಕಥೆ ಬಲ್ಲ ಕನ್ನಡಿಗರಿಗೆ ಇದು ಅಪರಿಚಿತವೆನಿಸದು.

ಯುನೆಸ್ಕೊ 2015ರಲ್ಲಿ ಬರ್ಗಂಡಿಯ ಈ ಸೀಮೆಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಆಗ ಪಟ್ಟಿಗೆ ಬಂದದ್ದು ಒಂದು ಮಠವೋ ಒಂದು ಆಸ್ಪತ್ರೆಯೋ ಅಲ್ಲ. ತೋಟದ ತುಂಡುಗಳು, ಹಳ್ಳಿಗಳು, ಬೋನ್ ಪಟ್ಟಣ, ದೀಜೋನ್‌ನ ಹಳೆಯ ಕೇರಿಗಳು ಒಟ್ಟಿಗೆ ಬಂದವು. ಎಂಟು ವರ್ಷಗಳ ನಂತರ, 2023ರ ಸೆಪ್ಟೆಂಬರಿನಲ್ಲಿ ಹೊಯ್ಸಳರ ಸರದಿ ಬಂತು. ಬೇಲೂರಿನ ಚೆನ್ನಕೇಶವ, ಹಳೇಬೀಡಿನ ಹೊಯ್ಸಳೇಶ್ವರ, ಸೋಮನಾಥಪುರದ ಕೇಶವ, ಈ ಮೂರು ದೇವಾಲಯಗಳಿಗೆ ಮನ್ನಣೆ ಸಿಕ್ಕಿತು. ಸಿಗಬೇಕಾದುದೇ. ಆದರೆ ಆ ಗುಡಿಗಳನ್ನು ಸಾಕಿದ ಸೀಮೆ ಪಟ್ಟಿಯ ಹೊರಗೇ ಉಳಿಯಿತು. ಅದನ್ನು ಕಾಣಬೇಕಾದರೆ ಬಸ್ಸಿನಿಂದ ಇಳಿಯಬೇಕು.

ಅರಸಿಯ ಕೆರೆಯಿಂದ

ನಡಿಗೆಗೆ ಅರಸೀಕೆರೆ ಅನುಕೂಲದ ಊರು. ಬೆಂಗಳೂರು, ಹುಬ್ಬಳ್ಳಿ, ಮೈಸೂರು ಕಡೆಯ ರೈಲು ದಾರಿಗಳು ಇಲ್ಲಿ ಕೂಡುತ್ತವೆ. ಹೊಯ್ಸಳ ಅರಸಿಯೊಬ್ಬಳು ಕಟ್ಟಿಸಿದ ಕೆರೆಯಿಂದ ಊರಿಗೆ ಈ ಹೆಸರು ಬಂತೆಂಬುದು ಜನರ ನಂಬಿಕೆ. ರೈಲು ಬದಲಾಯಿಸಲು ಇಳಿದ ಎಷ್ಟೋ ಮಂದಿ ನಿಲ್ದಾಣದ ಇಡ್ಲಿ-ವಡೆ ತಿಂದು ಹೊರಟುಬಿಡುತ್ತಾರೆ. ಊರೊಳಗಿನ ಈಶ್ವರ ದೇವಾಲಯವನ್ನು ಕಂಡವರು ಕಡಿಮೆ.

ಇಮ್ಮಡಿ ಬಲ್ಲಾಳನ ಆಳ್ವಿಕೆಯ ಕೊನೆಗೆ, 1220ರ ಸುಮಾರಿಗೆ ಆದ ಈ ಗುಡಿಯ ಮುಂದಿನ ಮಂಟಪ ಹೊಯ್ಸಳ ಕಟ್ಟಡಗಳಲ್ಲೇ ಅಪರೂಪದ್ದು. ಅದರ ತಳವಿನ್ಯಾಸ 16 ಮೂಲೆಗಳ ನಕ್ಷತ್ರ. ಮೇಲೆ ಗುಮ್ಮಟದಂಥ ಚಾವಣಿ. ಸುತ್ತಲೂ ಕಲ್ಲಿನ ಒರಗು ಜಗಲಿಯಿದೆ. ಅದರ ಮೇಲೆ ಕೂತರೆ, ಇದು ದೇವರಿಗೆಂದು ಮಾತ್ರ ಕಟ್ಟಿದ ಜಾಗವಲ್ಲ, ಜನ ಸೇರಿ ಕೂಡಲು, ಕೇಳಲು, ಮಾತಾಡಲು ಕಟ್ಟಿದ್ದೆಂಬುದು ತಾನಾಗಿ ತಿಳಿಯುತ್ತದೆ. ಇದೇ ಊರಿನಲ್ಲಿ ಬಲ್ಲಾಳನ ಮಂತ್ರಿ ರೇಚರಸ ಕಟ್ಟಿಸಿದ ಸಹಸ್ರಕೂಟ ಜಿನಾಲಯವೂ ಇದೆ. ಶಿವಾಲಯವೂ ಬಸದಿಯೂ ಒಂದೇ ಊರಿನಲ್ಲಿ, ಒಂದೇ ಕಾಲದಲ್ಲಿ ಎದ್ದು ನಿಂತವು.

ಊರು ದಾಟಿದರೆ ತೆಂಗಿನ ತೋಟ. ಬರ್ಗಂಡಿಗೆ ದ್ರಾಕ್ಷಿ ಹೇಗೋ ಅರಸೀಕೆರೆ-ತಿಪಟೂರು ಸೀಮೆಗೆ ತೆಂಗು ಹಾಗೆ. ಇಲ್ಲಿನ ಉಂಡೆ ಕೊಬ್ಬರಿಯ ಹಿಂದೆ ತಾಳ್ಮೆಯ ಕೆಲಸವಿದೆ. ಬಲಿತ ಕಾಯಿಗಳನ್ನು ಅಟ್ಟದ ಮೇಲೆ ಪೇರಿಸಿ, ಒಳಗಿನ ನೀರು ತಾನಾಗಿ ಇಂಗಿ ತಿರುಳು ಚಿಪ್ಪಿನಿಂದ ಬಿಡುವವರೆಗೆ ತಿಂಗಳುಗಟ್ಟಲೆ ಕಾಯಬೇಕು. ಕಾಯಿಯನ್ನು ಅಲುಗಾಡಿಸಿ, ಒಳಗೆ ಗಡಗಡ ಎಂಬ ಸದ್ದು ಕೇಳಿ ಹದ ಗೊತ್ತುಮಾಡುವ ಹಿರಿಯರು ಹಳ್ಳಿಗಳಲ್ಲಿ ಇದ್ದಾರೆ. ಪೀಪಾಯಿಯಲ್ಲಿ ಮದ್ಯ ಹದವಾಗಲು ಕಾಯುವ ಫ್ರೆಂಚ್ ರೈತನಿಗೆ ಈ ಅಟ್ಟದ ವಿದ್ಯೆ ಕೂಡಲೇ ಅರ್ಥವಾದೀತು.

ಹೆಗ್ಗಡೆಗಳ ಗುಡಿ, ರೂವಾರಿಯ ಸಹಿ

ಅರಸೀಕೆರೆಯಿಂದ ದಕ್ಷಿಣಕ್ಕೆ ಹಾಸನದ ದಾರಿಯಲ್ಲಿ ಎಂಟೊಂಬತ್ತು ಕಿಲೋಮೀಟರ್ ನಡೆದರೆ ಹಾರನಹಳ್ಳಿ. ಮೊದಲ ದಿನಕ್ಕೆ ಇಷ್ಟು ಸಾಕು. ಇಲ್ಲಿ ಲಕ್ಷ್ಮೀನರಸಿಂಹ ಮತ್ತು ಸೋಮೇಶ್ವರ ಎಂಬ ಎರಡು ಗುಡಿಗಳಿವೆ. 1235ರ ಸುಮಾರಿನಲ್ಲಿ ಇವನ್ನು ಕಟ್ಟಿಸಿದವರು ಪೆದ್ದಣ್ಣ ಹೆಗ್ಗಡೆ ಮತ್ತು ಅವನ ಸೋದರರು. ಒಂದೇ ಮನೆಯವರು ವಿಷ್ಣುವಿಗೊಂದು, ಶಿವನಿಗೊಂದು ಗುಡಿ ಕಟ್ಟಿಸಿದರು.

ಹೊಯ್ಸಳ ಗುಡಿಗಳೆಲ್ಲ ರಾಜರು ಕಟ್ಟಿಸಿದವು ಎಂಬ ಸಾಮಾನ್ಯ ನಂಬಿಕೆ ಇಲ್ಲಿ ಸಡಿಲವಾಗುತ್ತದೆ. ಹಾಸನ-ಬೇಲೂರು ದಾರಿಯ ಸಮೀಪದ ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ಗುಡಿಯನ್ನು ಕಟ್ಟಿಸಿದವರು ಕುಲ್ಲಹಣ ರಾಹುತನೆಂಬ ವರ್ತಕ ಮತ್ತು ಅವನ ಹೆಂಡತಿ ಸಹಜಾದೇವಿ. ಹಳೇಬೀಡಿನ ಹೊಯ್ಸಳೇಶ್ವರದ ನಿರ್ಮಾಣದಲ್ಲೂ ವಿಷ್ಣುವರ್ಧನನ ಅಧಿಕಾರಿ ಕೇತಮಲ್ಲನ ಹೆಸರು ಮುಂದಿದೆ. ಹೆಗ್ಗಡೆ, ದಂಡನಾಯಕ, ವರ್ತಕ, ಅಗ್ರಹಾರದ ಮಹಾಜನರು, ಹೀಗೆ ಊರೂರಲ್ಲಿ ಹಣವೂ ಹುರುಪೂ ಇದ್ದುದರಿಂದಲೇ ಇಷ್ಟು ಹಳ್ಳಿಗಳಲ್ಲಿ ಇಷ್ಟು ಗುಡಿಗಳು ಎದ್ದವು.

ಹಾರನಹಳ್ಳಿಯಿಂದ ಪಶ್ಚಿಮಕ್ಕೆ ಜಾವಗಲ್ ಇಪ್ಪತ್ತು ಕಿಲೋಮೀಟರಿಗೂ ಮೇಲೆ. ಈ ಹಾದಿಯಲ್ಲಿ ಇದೇ ದೊಡ್ಡ ನಡಿಗೆ. ಬೆಳಕು ಹರಿಯುವ ಮೊದಲೇ ಹೊರಡಬೇಕು, ಇಲ್ಲವೇ ನಡುವೆ ಒಂದು ಹಳ್ಳಿಯಲ್ಲಿ ತಂಗಬೇಕು. ರಾಗಿ ಹೊಲ, ತೆಂಗು, ಕುರುಚಲು ಗುಡ್ಡ, ಮತ್ತೆ ತೆಂಗು. ಪ್ರಸಿದ್ಧ ಗುಡಿಗಳಿಲ್ಲದ ದಿನವೆಂದು ಇದನ್ನು ಕಡೆಗಣಿಸುವಂತಿಲ್ಲ. ಕೆರೆಯನ್ನು ಓದಲು ಕಲಿಯುವುದು ಇಲ್ಲೇ.

ಜಾವಗಲ್ಲಿನ ಲಕ್ಷ್ಮೀನರಸಿಂಹ ದೇವಾಲಯ 13ನೇ ಶತಮಾನದ ನಡುಗಾಲದ್ದು. ಹೊಯ್ಸಳ ಶಿಲ್ಪಿಗಳು ತಮ್ಮ ಕೆಲಸದ ಕೆಳಗೆ ಹೆಸರು ಕೆತ್ತುತ್ತಿದ್ದರಷ್ಟೆ. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಇವರ ಹೆಸರುಗಳಿವೆ. ಜಾವಗಲ್ಲಿನಲ್ಲಿ ಕಾಣುವ ಹೆಸರು ಮಲ್ಲಿತಮ್ಮನದು. ಇದೇ ಹೆಸರು 1196ರ ಅಮೃತಾಪುರದಲ್ಲೂ ನುಗ್ಗೇಹಳ್ಳಿಯಲ್ಲೂ ಸೋಮನಾಥಪುರದಲ್ಲೂ ಇದೆ. ಇವೆಲ್ಲ ಒಬ್ಬನದೇ ಸಹಿಯಾದರೆ, ಅರವತ್ತು ವರ್ಷ ಊರಿಂದೂರಿಗೆ ಉಳಿ-ಸುತ್ತಿಗೆ ಹೊತ್ತು ನಡೆದ ಕೈ ಅದು. ಜಾವಗಲ್ ಎಂದರೆ ಇಂದಿನವರಿಗೆ ವೇಗದ ಬೌಲರ್ ಶ್ರೀನಾಥರ ಹೆಸರಿನ ಮುಂದಿರುವ ಊರು. ಸುತ್ತಲ ಸೀಮೆಯವರಿಗೆ ಇಲ್ಲಿನ ದರ್ಗಾ ಕೂಡ ಅಷ್ಟೇ ಪರಿಚಿತ.

ಕೆರೆಯನ್ನು ಓದುವ ಬಗೆ

ಕೆರೆ ಎಂದರೆ ಬರಿಯ ನೀರಿನ ಹಳ್ಳವಲ್ಲ. ಇಳಿಜಾರಿಗೆ ಅಡ್ಡವಾಗಿ ಮಣ್ಣಿನ ಏರಿ; ನೀರಿನ ಕಡೆಗೆ ಅದಕ್ಕೆ ಕಲ್ಲಿನ ಕಟ್ಟಣೆ; ಬೇಕಾದಷ್ಟು ನೀರು ಬಿಡಲು ತೂಬು; ಹೆಚ್ಚಾದ ನೀರು ಹರಿದುಹೋಗಲು ಕೋಡಿ; ಕೆಳಗೆ ಅಚ್ಚುಕಟ್ಟು. ಒಂದು ಕೆರೆಯ ಕೋಡಿ ಹರಿದು ಕೆಳಗಿನ ಊರಿನ ಕೆರೆಗೆ ಬೀಳುತ್ತದೆ. ಅದು ತುಂಬಿ ಅದರ ಮುಂದಿನದಕ್ಕೆ. ಸರಪಳಿಯಲ್ಲಿ ಒಂದು ಕೊಂಡಿ ಒಡೆದರೆ ಕೆಳಗಿನ ಊರುಗಳೆಲ್ಲ ಒಣಗುತ್ತವೆ. ಆದ್ದರಿಂದ ಕೆರೆ ಯಾರೊಬ್ಬರ ಸ್ವಂತದ್ದಾಗಿರಲು ಸಾಧ್ಯವಿರಲಿಲ್ಲ.

ಶಾಸನಗಳ ಭಾಷೆಯಲ್ಲಿ ಇದಕ್ಕೆಂದೇ ಮಾತುಗಳಿವೆ. ಕೆರೆ ಕಟ್ಟಿದವನಿಗೆ, ಜೀರ್ಣವಾದುದನ್ನು ಸರಿಪಡಿಸಿದವನಿಗೆ ಬಿಡುತ್ತಿದ್ದ ಭೂಮಿಗೆ ಬಿತ್ತುವಟ್ಟ, ಕಟ್ಟುಕೊಡಗೆ ಎಂಬ ಹೆಸರುಗಳಿದ್ದವು. ಹೂಳು ಹೊರುವ ಬಂಡಿಗಳ ಖರ್ಚಿಗೆಂದೇ ಬಿಟ್ಟ ದಾನಗಳೂ ಕನ್ನಡನಾಡಿನ ಶಾಸನಗಳಲ್ಲಿ ಸಿಗುತ್ತವೆ. ಕೆರೆಯನ್ನು ಒಮ್ಮೆ ಕಟ್ಟಿದರೆ ಸಾಲದು, ಪ್ರತಿ ವರ್ಷ ಹೂಳೆತ್ತಬೇಕೆಂಬುದನ್ನು ಆ ಕಾಲದವರು ಕಲ್ಲಿನಲ್ಲೇ ಬರೆದಿಟ್ಟರು.

ದಾನ ಕೊಟ್ಟ ಭೂಮಿಯ ಎಲ್ಲೆಯನ್ನು ಶಾಸನ ಹೇಳುವ ಬಗೆಯಂತೂ ನಡೆಯುವವನ ಕಣ್ಣಿನದೇ. ಮೂಡಲಿಗೆ ಹುತ್ತ, ತೆಂಕಲಿಗೆ ಹುಣಿಸೆ ಮರ, ಪಡುವಲಿಗೆ ಕೆರೆಯ ಕೋಡಿ ಎಂದು ಹೆಜ್ಜೆ ಹಾಕಿಕೊಂಡು ಹೇಳಿದ ಹಾಗಿರುತ್ತದೆ. ಎಲ್ಲೆಯಲ್ಲಿ ಗುರುತಿನ ಕಲ್ಲು ನೆಡುತ್ತಿದ್ದರು. ಶಿವಾಲಯದ ಭೂಮಿಗೆ ಲಿಂಗಮುದ್ರೆಯ ಕಲ್ಲು, ವಿಷ್ಣುವಿನ ಗುಡಿಯದಕ್ಕೆ ವಾಮನನ ಕಲ್ಲು, ಬಸದಿಯದಕ್ಕೆ ಮುಕ್ಕೊಡೆಯ ಕಲ್ಲು. ಫ್ರಾನ್ಸಿನ ಬಿಳಿ-ಕೆಂಪು ಪಟ್ಟಿಗೆ ಎಂಟು ಶತಮಾನ ಮೊದಲೇ ಈ ನೆಲದಲ್ಲಿ ಓದಬಲ್ಲವರಿಗೆ ಗುರುತುಗಳಿದ್ದವು.

ರಾಜಧಾನಿಗೆ ಬರುವ ದಾರಿ

ಜಾವಗಲ್ಲಿನಿಂದ ಹತ್ತು ಕಿಲೋಮೀಟರ್ ಒಳಗೆ ಬೆಳವಾಡಿ. ಹಾದಿ ಇಲ್ಲಿ ಚಿಕ್ಕಮಗಳೂರು ಜಿಲ್ಲೆಗೆ ಕಾಲಿಡುತ್ತದೆ. ಬೆಳವಾಡಿ ಮಲ್ಲಮ್ಮನ ಬೆಳವಾಡಿ ಇದಲ್ಲ, ಅದು ಬೆಳಗಾವಿ ಕಡೆಯದು. ಭೀಮ ಬಕಾಸುರನನ್ನು ಕೊಂದ ಏಕಚಕ್ರಪುರ ಇದೇ ಎಂದು ಊರವರು ಹೇಳುತ್ತಾರೆ. 1200ರ ಸುಮಾರಿನ ವೀರನಾರಾಯಣ ದೇವಾಲಯ ತ್ರಿಕೂಟ: ವೀರನಾರಾಯಣ, ವೇಣುಗೋಪಾಲ, ಯೋಗಾನರಸಿಂಹ. ಹೊರಗೋಡೆಯಲ್ಲಿ ಬೇಲೂರಿನ ಶಿಲ್ಪದ ದಟ್ಟಣೆಯಿಲ್ಲ. ಇದರ ಸೊಬಗು ಮಂಟಪದಲ್ಲಿ. ಕನ್ನಡಿಯಂತೆ ನಯಗೊಳಿಸಿದ ತಿರುಗಣೆಯ ಕಂಬಗಳು ಸಾಲುಸಾಲಾಗಿ ನಿಂತಿವೆ. ಬೆಳಗಿನ ಬೆಳಕು ಒಂದು ಕಂಬದಿಂದ ಇನ್ನೊಂದಕ್ಕೆ ಜಾರುವುದನ್ನು ಕಾಣಲು ಅಲ್ಲೇ ಒಂದು ಗಳಿಗೆ ಕೂರಬೇಕು.

ಬೆಳವಾಡಿಯಿಂದ ದಕ್ಷಿಣಕ್ಕೆ ಹಳೇಬೀಡು ಅರ್ಧ ದಿನದ ನಡಿಗೆ. ಬಸ್ಸಿನಲ್ಲಿ ಬಂದವರಿಗೆ ಹಳೇಬೀಡೆಂದರೆ ಹೊಯ್ಸಳೇಶ್ವರ. ನಡೆದು ಬಂದವರಿಗೆ ಮೊದಲು ಎದುರಾಗುವುದು ಅದರ ವಿಸ್ತಾರ. ಇದು ದೋರಸಮುದ್ರವೆಂಬ ರಾಜಧಾನಿ. ಹೆಸರೇ ಹೇಳುವಂತೆ ದೊಡ್ಡ ಕೆರೆಯ ದಡದ ನಗರ. ಕೆರೆ ಹೊಯ್ಸಳರಿಗಿಂತ ಹಳೆಯದು, ರಾಷ್ಟ್ರಕೂಟರ ಕಾಲದ್ದು ಎಂಬುದು ಇತಿಹಾಸಕಾರರ ಅಭಿಪ್ರಾಯ. 1121ರ ಸುಮಾರಿನಲ್ಲಿ ಮೊದಲಾದ ಹೊಯ್ಸಳೇಶ್ವರದಿಂದ ಸ್ವಲ್ಪ ದೂರದಲ್ಲೇ ಬಸ್ತಿಹಳ್ಳಿಯ ಜೈನ ಬಸದಿಗಳು. ಅಲ್ಲಿನ ಪಾರ್ಶ್ವನಾಥ ಬಸದಿ 1133ರದು. ಇನ್ನೂ ಮುಂದೆ ಕೇದಾರೇಶ್ವರ, ಹುಳಿಕೆರೆಯ ಮೆಟ್ಟಿಲುಗಳ ಕೊಳ. ಕೊಳದ ಸುತ್ತ ಪುಟ್ಟ ಪುಟ್ಟ ಗುಡಿಗಳಿವೆ. ಹೊಯ್ಸಳೇಶ್ವರದ ಆವರಣದಲ್ಲೇ ಒಂದು ಕಂಬವುಂಟು. ಇಮ್ಮಡಿ ಬಲ್ಲಾಳನ ಅಂಗರಕ್ಷಕ ಕುವರ ಲಕ್ಷ್ಮನೆಂಬ ‘ಗರುಡ’ ಒಡೆಯನ ನಂತರ ಬದುಕಿರಲು ಒಪ್ಪದೆ ತನ್ನವರೊಂದಿಗೆ ಪ್ರಾಣ ಕೊಟ್ಟದ್ದನ್ನು ಅದು ಹೇಳುತ್ತದೆ.

1311ರಲ್ಲಿ ಮಲಿಕ್ ಕಾಫರನ ಸೈನ್ಯವೂ 1327ರ ಸುಮಾರಿನಲ್ಲಿ ತುಘಲಕ್ ಸೈನ್ಯವೂ ಈ ನಗರದ ಮೇಲೆ ಬಿದ್ದವು. ಮುಮ್ಮಡಿ ಬಲ್ಲಾಳ ಇಲ್ಲಿಂದ ನೆಲೆ ಬದಲಿಸಿದ. ಬೀಡು ಹಳೇ ಬೀಡಾಯಿತು. ಆದರೆ ಕೆರೆ ಉಳಿಯಿತು, ಕೆರೆಯನ್ನು ನಂಬಿದ ಬೇಸಾಯಗಾರ ಉಳಿದ. ಅರಮನೆಯ ಜಾಗದಲ್ಲಿ ದಿಬ್ಬವಷ್ಟೇ ಇರುವಾಗ ಕೆರೆಗೆ ಇಂದಿಗೂ ದನ ಇಳಿಯುತ್ತವೆ.

ಹಳೇಬೀಡಿನಿಂದ ಬೇಲೂರಿನ ಕೊನೆಯ 16 ಕಿಲೋಮೀಟರಿನಲ್ಲಿ ಗಾಳಿ ಬದಲಾಗುತ್ತದೆ. ಒಣ ಬಯಲು ಹಿಂದಕ್ಕೆ ಸರಿದು ಹಸಿರು ದಟ್ಟವಾಗುತ್ತದೆ, ಪಶ್ಚಿಮದಲ್ಲಿ ಗುಡ್ಡಸಾಲು. ಇದು ಅರೆಮಲೆನಾಡು. ಹೊಯ್ಸಳರು ಬಂದದ್ದು ಆ ಗುಡ್ಡಗಳ ಕಡೆಯಿಂದ. ಈಗ ಮೂಡಿಗೆರೆ ತಾಲ್ಲೂಕಿನ ಅಂಗಡಿಯಾಗಿರುವ ಸೊಸೆವೂರು ಅವರ ಮೂಲ. ಅಲ್ಲಿಂದ ಬೇಲೂರಿಗೆ, ಬೇಲೂರಿನಿಂದ ದೋರಸಮುದ್ರಕ್ಕೆ, ಆಮೇಲೆ ಮೂಡಣ ಬಯಲಿಗೆ ಅವರ ಸೀಮೆ ಇಳಿಯಿತು. ಅರಸೀಕೆರೆಯಿಂದ ಹೊರಟು ಪಶ್ಚಿಮಕ್ಕೆ ನಡೆಯುವವರು ಆ ಚರಿತ್ರೆಯನ್ನು ಕೊನೆಯಿಂದ ಮೊದಲಿಗೆ ಓದುತ್ತ ಹೋಗುತ್ತಾರೆ. ಒಂದು ದಿನ ಹೆಚ್ಚಿಗೆ ಇದ್ದವರು ಬೇಲೂರು ತಾಲ್ಲೂಕಿನ ಹಲ್ಮಿಡಿಗೂ ಹೋಗಿಬರಬಹುದು. ಕ್ರಿ.ಶ. 450ರ ಸುಮಾರಿನದೆಂದು ಹೇಳಲಾಗುವ ಕನ್ನಡ ಶಾಸನವನ್ನು ಡಾ. ಎಂ.ಎಚ್. ಕೃಷ್ಣ ಅವರು 1936ರಲ್ಲಿ ಬೆಳಕಿಗೆ ತಂದದ್ದು ಅಲ್ಲಿಂದಲೇ.

ದಾರಿ ಉಳಿಯಬೇಕಾದರೆ

ಈ ಹಾದಿಯಲ್ಲಿ ಬರ್ಗಂಡಿಯಂತೆ ಉದ್ದಕ್ಕೂ ಬಳಿದ ಗುರುತುಗಳಿಲ್ಲ. ಆದರೆ ನಡಿಗೆ ನಮ್ಮವರಿಗೆ ಹೊಸದೇನಲ್ಲ. ಶಿವರಾತ್ರಿಯ ಹೊತ್ತಿಗೆ ಧರ್ಮಸ್ಥಳಕ್ಕೆ ನಡೆದು ಹೋಗುವ ಸಾವಿರಾರು ಜನರಿಗೆ ದಾರಿಯುದ್ದಕ್ಕೂ ಹಳ್ಳಿಯವರು ಮಜ್ಜಿಗೆ, ಊಟ ಕೊಡುತ್ತಾರೆ. ಅರಸೀಕೆರೆ ಸೀಮೆಯಲ್ಲೇ ಮಾಲೇಕಲ್ ತಿರುಪತಿ, ಜೇನುಕಲ್ ಸಿದ್ದೇಶ್ವರ ಬೆಟ್ಟಗಳನ್ನು ಜನ ಕಾಲ್ನಡಿಗೆಯಲ್ಲಿ ಏರುತ್ತಾರೆ. ಹಳ್ಳಿಯ ಜಾಡುಗಳು ಇನ್ನೂ ಇವೆ. ಅವು ಮುಚ್ಚಿಹೋಗುವ ಮೊದಲು ಗುರುತು ಹಾಕುವ ಕೆಲಸವಷ್ಟೇ ಬಾಕಿ.

ಅದಕ್ಕೆ ಬೇಕಾದುದೂ ದೊಡ್ಡದಲ್ಲ. ಗುಡಿಯ ಬೀಗದ ಕೈ ಯಾರ ಮನೆಯಲ್ಲಿದೆ ಎಂಬ ಒಂದು ಫಲಕ, ರಾತ್ರಿ ತಂಗಲು ಜಗಲಿ ಕೊಡುವ ಮನೆಗಳ ಪಟ್ಟಿ, ಕುಡಿಯುವ ನೀರು, ನೆರಳು ಕೊಡುವ ಅರಳಿಕಟ್ಟೆ. ರೊಟ್ಟಿ-ಮುದ್ದೆ ಬಡಿಸಿದ ಮನೆಗೆ ನಾಲ್ಕು ಕಾಸು ಸಿಕ್ಕೀತು. ಬಸ್ಸಿನ ಪ್ರವಾಸದಲ್ಲಿ ಹಣವೆಲ್ಲ ಎರಡು ಊರುಗಳ ಹೋಟೆಲಿನಲ್ಲಿ ಉಳಿಯುತ್ತದೆ. ನಡಿಗೆಯಲ್ಲಿ ಅದು ದಾರಿಯುದ್ದಕ್ಕೂ ಹಂಚಿಹೋಗುತ್ತದೆ. ನಡೆಯುವವರಿಗೂ ಕಟ್ಟಳೆ ಬೇಕು. ತೋಟ ರೈತನದು, ಉದ್ಯಾನವಲ್ಲ. ಪೈರು ನಿಂತ ಹೊಲಕ್ಕೆ ಕಾಲಿಡಬಾರದು, ಕಾಯಿ ಕೀಳುವ ಮರದ ಕೆಳಗೆ ನಿಲ್ಲಬಾರದು, ಪ್ಲಾಸ್ಟಿಕ್ಕನ್ನು ಹೊತ್ತು ತರಬೇಕು. ಮಳೆ ನಿಂತ ಮೇಲೆ, ನವೆಂಬರಿನಿಂದ ಫೆಬ್ರುವರಿಯವರೆಗೆ ಒಳ್ಳೆಯ ಕಾಲ.

ಇದರಿಂದ ಗುಡಿಗಳಿಗೇನು ಲಾಭ ಎಂದು ಕೇಳಬಹುದು. ಯಾರೂ ಬಾರದ ಗುಡಿಯ ಚಾವಣಿ ಬಿರುಕು ಬಿಟ್ಟರೆ ಅದನ್ನು ಮೊದಲು ಕಾಣುವ ಕಣ್ಣೇ ಇರುವುದಿಲ್ಲ. ಕೆರೆಯದೂ ಅದೇ ಗತಿ. ಕೊಳವೆಬಾವಿ ಬಂದ ಮೇಲೆ ತೋಟದ ಕಣ್ಣು ಕೆರೆಯಿಂದ ಕದಲಿತು. ಹೂಳು ತುಂಬಿತು, ಕೋಡಿ ಮುಚ್ಚಿತು, ಏರಿಯ ಮೇಲೆ ಜಾಲಿ ಬೆಳೆಯಿತು. ಕೆರೆ ಇಂಗಿಸುತ್ತಿದ್ದ ನೀರನ್ನೇ ಕೊಳವೆಬಾವಿ ಎತ್ತುತ್ತಿತ್ತೆಂಬುದು ಬರ ಬಂದಾಗ, ತೆಂಗಿನ ಸುಳಿ ಒಣಗಿದಾಗ ಗೊತ್ತಾಗುತ್ತದೆ. ಬರ್ಗಂಡಿಯಲ್ಲಿ ಮಠವನ್ನು ಕಾಪಾಡಿ ತೋಟವನ್ನು ಹಾಳುಬಿಡುವ ಯೋಚನೆ ಯಾರಿಗೂ ಬರದು. ಇಲ್ಲಿ ಗುಡಿಗೆ ಬೇಲಿ ಹಾಕಿದ್ದೇವೆ, ಅದನ್ನು ಸಾಕಿದ ಕೆರೆಯನ್ನು ಮರೆತಿದ್ದೇವೆ.

ಐದನೆಯ ದಿನ ಸಂಜೆ ಬೇಲೂರು ತಲುಪಿದಾಗ ಕಾಲು ಧೂಳಾಗಿರುತ್ತದೆ. ಗೋಪುರದ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಹೊಕ್ಕರೆ ಕಾಣುವುದು ಚಿತ್ರಗಳಲ್ಲಿ ನೂರು ಸಲ ಕಂಡ ಅದೇ ಮದನಿಕೆಯರು, ಅದೇ ನಕ್ಷತ್ರದಾಕಾರದ ಜಗತಿ. ಆದರೆ ನಡೆದು ಬಂದವರಿಗೆ ಕಂಬದ ತಿರುಗಣೆ ಬೆಳವಾಡಿಯನ್ನು ನೆನಪಿಸುತ್ತದೆ, ಕಲ್ಲಿನ ಕೆಳಗಿನ ಹೆಸರು ಜಾವಗಲ್ಲಿನ ಮಲ್ಲಿತಮ್ಮನನ್ನು. ಗರ್ಭಗುಡಿಯಲ್ಲಿ ಉರಿಯುವ ದೀಪ ಕಂಡಾಗ, ಆ ಎಣ್ಣೆಗೆಂದು ಹಿಂದೊಮ್ಮೆ ಯಾರೋ ಬಿಟ್ಟುಕೊಟ್ಟ ಗದ್ದೆ, ಆ ಗದ್ದೆಗೆ ನೀರು ಕೊಟ್ಟ ತೂಬು ಕಣ್ಣ ಮುಂದೆ ಬರುತ್ತದೆ. ಮರಳುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತವರು ಈ ಸಲ ತೂಕಡಿಸುವುದಿಲ್ಲ.